170 ಗ್ರಾಮಿನ ಗಂಡಸ್ತನ

ಟೇಬಲ್ ಮೇಲಿನ ಬಾಲ್‌ಗಳನ್ನು ಸ್ಟಿಕ್ಕಿನಿಂದ ಹೊಡೆದು ಪಾಕೆಟ್ಟಿಗೆ ಬೀಳಿಸುವ ಪೂಲ್ ಆಟದಲ್ಲಿ ಹೆಂಗಸರು ಗಂಡಸರಿಗೆ ಸಮನಾಗಿ ಆಡೋಕೆ ಸಾಧ್ಯವಾ? ಬೆಂಗಳೂರಿನ ಗಂಡಸರು ಉತ್ತರ ಕಂಡುಹಿಡಿದಿದ್ದಾರೆ. ಸಾಧ್ಯವೇ ಇಲ್ಲವಂತೆ. ತೋಳಲ್ಲಿ ಬಲ ಸಾಲದಂತೆ.

2025ರಲ್ಲಿ ಇಂಗ್ಲೆಂಡಿನ ಕೋರ್ಟೊಂದು ಪೂಲ್‌ನಲ್ಲಿ ಗಂಡಸರಿಗೆ ಒಂದಷ್ಟು ಅನುಕೂಲ ಇದೆ ಅಂದಿತಲ್ಲ, ಅಂದಿನಿಂದ ಇವರನ್ನು ಹಿಡಿಯುವವರಿಲ್ಲ. ಅದು ಹೆಂಗಸರ ಸ್ಪರ್ಧೆಯಿಂದ ಹೊರಗಿಟ್ಟ ಟ್ರಾನ್ಸ್ ಆಟಗಾರ್ತಿಯೊಬ್ಬರ ಕೇಸು, ಅದರ ತಕರಾರೇ ಬೇರೆ. ಇವರಿಗೆ ಬೇಕಾಗಿದ್ದು ಒಂದು ಸಾಲು, ಸಿಕ್ಕಿತು. ಕೋರಮಂಗಲದ ಬೇಸ್‌ಮೆಂಟ್ ಪಾರ್ಲರ್‌ಗಳಲ್ಲಿ ಈಗ ಎಲ್ಲರೂ ವಕೀಲರೇ.

ಬಲದ ಲೆಕ್ಕವನ್ನೇ ಹಾಕೋಣ. ಪೂಲ್ ಬಾಲ್ ಹೆಚ್ಚೆಂದರೆ 170 ಗ್ರಾಂ. ಸ್ಟಿಕ್ ಅರ್ಧ ಕೆ.ಜಿ. ಚಿಲ್ಲರೆ. ಇಷ್ಟನ್ನು ನಿಭಾಯಿಸಲು ಗಂಡು ದೇಹವೇ ಬೇಕಂತೆ. ಮನೆಯಲ್ಲಿ 20 ಲೀಟರ್ ನೀರಿನ ಕ್ಯಾನ್ ಬಂದಾಗ ಮಾತ್ರ ಇದೇ ದೇಹಕ್ಕೆ ಸೊಂಟ ನೋವು. "ನೀನೇ ಎತ್ತಿಡು ಮಾರಾಯ್ತಿ" ಅಂತ ಸೋಫಾದಿಂದಲೇ ಅಪ್ಪಣೆ.

ಎಫ್ರೆನ್ ರೆಯಸ್ ಅನ್ನೋ ಫಿಲಿಪ್ಪೀನ್ಸ್ ಮನುಷ್ಯನನ್ನು ಇವರು ನೋಡಿಲ್ಲ ಅನಿಸುತ್ತೆ. ಸಣಕಲು ಆಳು, ಬಾಯಲ್ಲಿ ಹಲ್ಲೂ ಕಡಿಮೆ. 1999ರಲ್ಲಿ ಪೂಲ್‌ನ ಒಂದು ಬಗೆಯಾದ ನೈನ್ ಬಾಲ್‌ನಲ್ಲಿ ವಿಶ್ವ ಚಾಂಪಿಯನ್ ಆದ. 2005ರಲ್ಲಿ ಅದೇ ಪಟ್ಟ ಗೆದ್ದ ತೈವಾನಿನ ವೂ ಜಿಯಾಚಿಂಗ್‌ಗೆ ಆಗ 16 ವರ್ಷ. ಮೀಸೆ ಸರಿಯಾಗಿ ಚಿಗುರದ ಹುಡುಗ ದೊಡ್ಡವರನ್ನೆಲ್ಲ ಮಲಗಿಸಿದಾಗ ತೋಳಿನ ಸುತ್ತಳತೆ ಅಳೆಯಲು ಯಾರೂ ಟೇಪ್ ತರಲಿಲ್ಲ.

ಬ್ರೇಕ್, ಅಂದರೆ ಆಟದ ಮೊದಲ ಹೊಡೆತ ಹೊಡೆಯುವಾಗ ಜೋರು ಬೇಕು, ಒಪ್ಪಿಕೊಳ್ಳೋಣ. ಆದರೆ ಜೋರಾಗಿ ಹೊಡೆದ ವೈಟ್ ಬಾಲ್ ಪಾಕೆಟ್ಟಿಗೆ ಬಿದ್ದರೆ ಫೌಲ್. ಅದು ಟೇಬಲ್ಲಿನ ಮಧ್ಯೆ ನಿಲ್ಲಬೇಕು. ಅಲ್ಲಿಂದಾಚೆ ಎಲ್ಲ ತಲೆ, ಕಣ್ಣು, ತಾಳ್ಮೆ. ಆಸ್ಟ್ರಿಯಾದ ಯಾಸ್ಮಿನ್ ಔಶಾನ್ 2008ರಲ್ಲಿ ಪೂಲ್‌ನ ಇನ್ನೊಂದು ಬಗೆಯಾದ ಸ್ಟ್ರೈಟ್ ಪೂಲ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಗಂಡಸರ ಮಧ್ಯೆಯೇ ಆಡಿ ಮೂರನೇ ಸ್ಥಾನ ಪಡೆದರು. ಬಹುಶಃ ಅವತ್ತು ಗಂಡಸರಿಗೆಲ್ಲ ಜ್ವರ ಇತ್ತು.

ಅಂದಹಾಗೆ, ಪೂಲ್‌ನ ದಾಯಾದಿ ಸ್ನೂಕರ್ ಹುಟ್ಟಿದ್ದೇ ನಮ್ಮ ದೇಶದಲ್ಲಿ. 1875ರಲ್ಲಿ ಜಬಲ್ಪುರದ ಸೇನಾ ಮೆಸ್ಸಿನಲ್ಲಿ. ಹೊರಗೆ ಮಳೆ, ಒಳಗೆ ಮಾಡಲು ಕೆಲಸವಿಲ್ಲದ ಇಂಗ್ಲಿಷ್ ಅಧಿಕಾರಿಗಳು. ಆಮೇಲೆ ನಿಯಮ ಬರೆದು ತೂಗುಹಾಕಿದ್ದು ಊಟಿ ಕ್ಲಬ್ಬಿನಲ್ಲಿ. ಕೈಯಲ್ಲಿ ಗ್ಲಾಸು ಹಿಡಿದು, ಹೊಟ್ಟೆ ಬಿಟ್ಟುಕೊಂಡು ಆಡೋಕೆ ಅಂತಲೇ ಮಾಡಿಕೊಂಡ ಆಟ ಇದು. ಕೈಗೆ ಎಟುಕದಿದ್ದರೆ ಇರಲಿ ಅಂತ ರೆಸ್ಟ್ ಅನ್ನೋ ಕೋಲನ್ನೂ ಕೊಟ್ಟಿದ್ದಾರೆ. ಇದಕ್ಕೆ ಬಂದು ನಮ್ಮ ಹುಡುಗರು ದೇಹದಾರ್ಢ್ಯದ ಪಾಠ ಮಾಡುತ್ತಿದ್ದಾರೆ.

ಈ ಪಾಠ ಉಚಿತ, ಅದೊಂದು ಸಮಾಧಾನ. ಹುಡುಗಿಯೊಬ್ಬಳು ಸ್ಟಿಕ್ಕಿಗೆ ಚಾಕ್ ಉಜ್ಜಿ ಬಗ್ಗಿದರೆ ಸಾಕು, ಪಕ್ಕದ ಟೇಬಲ್ಲಿನವರ ಆಟ ನಿಲ್ಲುತ್ತೆ. "ಮೇಡಂ, ಮೊಣಕೈ ಸ್ವಲ್ಪ ಮೇಲೆ." "ಮೇಡಂ, ಸ್ಲೋ ಆಗಿ ಹೊಡೀರಿ." ಆಕೆ ಎಂಟನೇ ಬಾಲ್ ಪಾಟ್ ಮಾಡಿ ಗೇಮ್ ಮುಗಿಸಿದರೆ, "ಲಕ್ಕು ಗುರು!" ಸೋತ ಗುರುವಿಗೆ ಟೇಬಲ್ಲೇ ಡೊಂಕು, ಎಸಿ ಜಾಸ್ತಿ.

ಇದೆಲ್ಲ ನಡೆಯುತ್ತಿರುವುದು ಯಾವ ಊರಲ್ಲಿ ಹೇಳಿ? ಉಮಾದೇವಿ ನಾಗರಾಜ್ ಅವರ ಊರಲ್ಲಿ. ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದವರು. ಟೇಬಲ್ ಟೆನಿಸ್ ಆಡಲು ಹೋಗುತ್ತಿದ್ದರು, ಅಲ್ಲಿ ಜಾಗ ಸಿಗದೆ ಪೂಲ್‌ನ ಇನ್ನೊಂದು ದಾಯಾದಿ ಬಿಲಿಯರ್ಡ್ಸ್ ಕಡೆ ತಿರುಗಿದರು. ಆಗಲೇ ವಯಸ್ಸು ಮೂವತ್ತರ ಆಸುಪಾಸು. 2012ರಲ್ಲಿ ಮಹಿಳೆಯರ ಬಿಲಿಯರ್ಡ್ಸ್ ವಿಶ್ವ ಚಾಂಪಿಯನ್! ಚಿತ್ರಾ ಮಗಿಮೈರಾಜ್ ಕೂಡ ವಿಶ್ವ ಪಟ್ಟ ಗೆದ್ದವರೇ, ಇಲ್ಲಿಯವರೇ. ಬಿಲಿಯರ್ಡ್ಸ್, ಸ್ನೂಕರ್ ವಿಶ್ವ ಚಾಂಪಿಯನ್ ಪಂಕಜ್ ಆಡ್ವಾಣಿ ಹೆಸರು ಪಾರ್ಲರ್‌ನಲ್ಲಿ ಎಲ್ಲರಿಗೂ ಗೊತ್ತು, ಗೊತ್ತಿರಲೇಬೇಕು. ಈ ಇಬ್ಬರ ಹೆಸರು ಕೇಳಿ ನೋಡಿ. "ಯಾರವರು, ಸೀರಿಯಲ್‌ನವರಾ?"

ತುತ್ತತುದಿಯಲ್ಲಿ ಇವತ್ತು ಗಂಡಸರೇ ಮುಂದಿದ್ದಾರೆ. ನಿಜ, ಯಾರೂ ಇಲ್ಲ ಅನ್ನಲಿಲ್ಲ. ಆದರೆ ಸ್ಟಿಕ್ ಹಿಡಿದ ಹುಡುಗರೆಷ್ಟು, ಹುಡುಗಿಯರೆಷ್ಟು? ಈ ಆಟ ಕೈಗೆ ಕೂರುವುದು ದಿನಕ್ಕೆ ಆರೇಳು ಗಂಟೆ ಟೇಬಲ್ ಸಿಕ್ಕವರಿಗೆ. ನಮ್ಮ ಪಾರ್ಲರ್‌ಗಳಲ್ಲಿ ಒಳ್ಳೆ ಆಟಗಾರರು ಸೇರುವುದು ರಾತ್ರಿ ಒಂಬತ್ತರ ಮೇಲೆ. ಹೆಣ್ಣುಮಕ್ಕಳ ಎಷ್ಟೋ ಪಿಜಿಗಳ ಗೇಟು ಹತ್ತಕ್ಕೆ ಬಂದ್. ಹುಡುಗರ ಪಿಜಿಗೆ ಗೇಟ್ ಇದೆ ಅನ್ನೋದೇ ಹುಡುಗರಿಗೆ ಗೊತ್ತಿಲ್ಲ. ಮನೆಯಲ್ಲಿದ್ದರೆ, "ಆ ಸಿಗರೇಟು ಹೊಗೆಯಲ್ಲಿ ನಿನಗೇನು ಕೆಲಸ?" ಸಾಕಾಗಿ ಹೋಗಿದೆ ಸ್ವಾಮಿ. ಬಾಗಿಲು ಹಾಕಿ, ಬೀಗ ಜಡಿದು, ಆಮೇಲೆ ಒಳಗಿದ್ದವಳಿಗೆ ಓಟದಲ್ಲಿ ನೀನು ಹಿಂದೆ ಬಿದ್ದೆ ಅನ್ನೋಕೆ ನಾಚಿಕೆ ಆಗಲ್ವಾ?

ಆಗಲ್ಲ. "ಅವಕಾಶ ಕೊಟ್ಟಿದ್ದೀವಲ್ಲ" ಅಂತ ಬೋರ್ಡ್ ತೋರಿಸುತ್ತಾರೆ. ಲೇಡೀಸ್‌ಗೆ ಟೇಬಲ್ ಫ್ರೀ. ಬುಧವಾರ ಮಾತ್ರ, ಮಧ್ಯಾಹ್ನ ಎರಡರಿಂದ ನಾಲ್ಕು. ಜೊತೆಗೆ ಗಂಡಸರೊಬ್ಬರು ಬಂದು ಸ್ನ್ಯಾಕ್ಸ್ ಆರ್ಡರ್ ಮಾಡಬೇಕು.