ಕಪ್ಪು ಮೂರು ಖಾಲಿ ಇದೆಯೇ?

ಮಗಳು ಕಲಿಯುವ ಮುಂಬಯಿಯ ಮಾಟುಂಗದ ಸಂಗೀತ ಶಾಲೆಗೆ ಹೊಸ ಪಿಯಾನೋ ಕೊಳ್ಳುವ ಮಾತು ಸಭೆಯಲ್ಲಿ ಬಂದಾಗ ನನಗೆ ಕೆಮ್ಮು ಬಂತು. ಕೆಮ್ಮಿದ್ದನ್ನೇ ಒಪ್ಪಿಗೆ ಎಂದುಕೊಂಡು ರಸೀದಿ ಪುಸ್ತಕವನ್ನು ನನ್ನ ಮಡಿಲಿಗೆ ಹಾಕಿದರು.

ಗಣೇಶೋತ್ಸವಕ್ಕೆ ಚಂದಾ ಎತ್ತಿ ಅಭ್ಯಾಸವಿತ್ತು. ಆದರೆ ಗಣಪತಿಗೆ ಕೊಡದಿದ್ದರೆ ವಿಘ್ನ ಬಂದೀತೆಂಬ ಅಳುಕಾದರೂ ಇರುತ್ತದೆ. ಪಿಯಾನೋ ಯಾರಿಗೂ ಶಾಪ ಕೊಡುವುದಿಲ್ಲ. ಅದಕ್ಕೇ ಒಂದು ಉಪಾಯ ಹೂಡಿದೆ. ಪಿಯಾನೋಗೆ 88 ಕೀಲಿಗಳು. ಒಂದಕ್ಕೆ 5,000 ರೂಪಾಯಿ ಕೊಟ್ಟವರ ಹೆಸರಿಗೆ ಆ ಕೀಲಿ.

ಮೊದಲ ಮನೆಯಲ್ಲೇ ಎಡವಿದೆ. ಬಾಗಿಲು ತೆರೆದದ್ದು ಧಾರವಾಡದ ಅಜ್ಜಿ. "ಕೀಲಿಗೆ ಐದು ಸಾವಿರವೇ? ನಮ್ಮದು ಮುನ್ನೂರರದ್ದು, ಇಪ್ಪತ್ತು ವರ್ಷವಾಯಿತು, ಇನ್ನೂ ಗಟ್ಟಿಯಾಗಿದೆ" ಎಂದು ಬಾಗಿಲು ಮುಚ್ಚಿ ಅದೇ ಕೀಲಿ ಹಾಕಿಕೊಂಡರು. ಆ ಕಡೆ ಕೀಲಿ ಎಂದರೆ ಬೀಗ ಎಂಬುದು ಕರಾವಳಿಯ ನನಗೆ ಹೊಳೆದದ್ದು ಮೆಟ್ಟಿಲಿಳಿಯುವಾಗ.

ಆದರೂ 52 ಬಿಳಿ ಕೀಲಿಗಳು ಹೇಗೋ ಹೋದವು. 36 ಕರಿಯವನ್ನು ಮಾತ್ರ ಕೇಳುವವರಿಲ್ಲ. ಒಬ್ಬರು ಶನಿಕಾಟದ ನೆಪ ಹೇಳಿದರು. ಇನ್ನೊಬ್ಬರು ಚಿತ್ರದ ಮೇಲೆ ಬೆರಳಿಟ್ಟು, "ಕರಿಯದು ಗಿಡ್ಡ, ಸಪೂರ. ಎರಡಕ್ಕೂ ಒಂದೇ ಬೆಲೆ ಹೇಗೆ?" ಎಂದರು. ಮುಂಬಯಿಯಲ್ಲಿ ಮನೆ ಕೊಂಡವರು. ಕಾರ್ಪೆಟ್ ಏರಿಯಾ ಕೇಳದೆ ಬಿಟ್ಟಾರೆಯೇ?

ಕಾಪಾಡಿದವರು ಯಕ್ಷಗಾನದ ಹಿರಿಯ ಭಾಗವತರೊಬ್ಬರು. "ಕಪ್ಪು ಮೂರು ಖಾಲಿ ಇದೆಯೇ ಮಾರಾಯರೇ? ಜೀವಮಾನವಿಡೀ ಪದ ಹೇಳಿದ್ದು ಅದೇ ಶ್ರುತಿಯಲ್ಲಿ."

ಕರಿ ಕೀಲಿಗಳು ಐದೈದರ ಸುತ್ತಾಗಿ ಮತ್ತೆ ಮತ್ತೆ ಬರುತ್ತವೆ. ಪ್ರತಿ ಸುತ್ತಿನ ಮೂರನೆಯದೇ ಕಪ್ಪು ಮೂರು. "ಏಳಿವೆ, ಯಾವುದು ಬೇಕು?" ಎಂದೆ.

"ಏಳೇ? ನನ್ನ ಹಾರ್ಮೋನಿಯಮ್ಮಿನಲ್ಲಿ ಮೂರೇ ಇರುವುದು" ಎಂದು ನಡುವಿನದನ್ನು ಆರಿಸಿಕೊಂಡರು. ಅವರು ಅಲ್ಲಿ ಇಲ್ಲಿ ಫೋನು ಮಾಡಿದ್ದೇ ತಡ, ಕಪ್ಪು ಎರಡು, ಕಪ್ಪು ನಾಲ್ಕು ಎಂದು ಹೋಟೆಲಿನವರು, ಚೆಂಡೆಯವರು, ವೇಷಧಾರಿಗಳು ಮುಗಿಬಿದ್ದರು. ಕೊನೆಗೆ ಉಳಿದ ಒಂದು ಕಪ್ಪು ಮೂರನ್ನು ಮರ್ಯಾದೆಗಾಗಿ ನನ್ನ ಹೆಂಡತಿಯ ಹೆಸರಿಗೆ ಬರೆದೆ.

ಪಿಯಾನೋ ಬಂದದ್ದು ಜೂನಿನ ಮಳೆಯಲ್ಲಿ. ತೂಕ 220 ಕಿಲೋ. ಲಿಫ್ಟಿನ ಫಲಕದಲ್ಲಿ 6 ಜನ, 408 ಕಿಲೋ ಎಂದಿದ್ದನ್ನು ನಾನು ಹಿಂದಿನ ದಿನವೇ ಜಾಣನಂತೆ ನೋಡಿಟ್ಟಿದ್ದೆ. ಬಾಗಿಲಿನ ಅಗಲ ನೋಡಿರಲಿಲ್ಲ. ಆರು ಹಮಾಲರು ಅದನ್ನು ಮೆಟ್ಟಿಲಲ್ಲೇ ಹೊತ್ತು, ಎರಡನೆಯ ತಿರುವಿನಲ್ಲಿ ಇಳಿಸಿ, ಅದರ ಮೇಲೆಯೇ ಚಹಾದ ಲೋಟ ಸಾಲಾಗಿ ಇಟ್ಟರು. ನಾನು ಕರವಸ್ತ್ರ ಹಿಡಿದು ಲೋಟಗಳ ಅಡಿ ಒರೆಸುತ್ತ ನಿಂತೆ.

ಉದ್ಘಾಟನೆಯ ದಿನ ದಾನಿಗಳೆಲ್ಲ ಸಾಲು ನಿಂತು ತಂತಮ್ಮ ಕೀಲಿ ಒತ್ತಿದರು. ಎಡತುದಿಯವರಿಗೆ ಎಮ್ಮೆಯ ಗೊರಕೆ ಕೇಳಿಸಿತು, ಬಲತುದಿಯವರಿಗೆ ಚಮಚ ಬಿದ್ದ ಸದ್ದು. ಭಾಗವತರು ಕಣ್ಣು ಮುಚ್ಚಿ ಕಪ್ಪು ಮೂರನ್ನು ಒತ್ತಿದರು. ಕೀಲಿ ಕೆಳಗೆ ಹೋಯಿತು, ಮೇಲೆ ಬರಲಿಲ್ಲ. ಮರ, ಉಣ್ಣೆಯ ಫೆಲ್ಟು, ಇನ್ನೂರಕ್ಕೂ ಮಿಕ್ಕಿದ ಉಕ್ಕಿನ ತಂತಿ. ಮುಂಬಯಿಯ ಮಳೆಗಾಲ ಇವು ಮೂರಕ್ಕೂ ಆಗದು.

ಭಾಗವತರು ನನ್ನತ್ತ ತಿರುಗಿ ಮೆಲ್ಲಗೆ ಕೇಳಿದರು, "ಉಳಿದ ಆರರಲ್ಲಿ ಒಂದನ್ನು ಬದಲಿ ಕೊಡಬಹುದೇ?"

ನಾನು ರಸೀದಿ ಪುಸ್ತಕ ಬಿಡಿಸಿದೆ. ಮುಂದಿನ ಸಾಲಿನಲ್ಲಿ ಕುಳಿತಿದ್ದ ನನ್ನ ಹೆಂಡತಿ ಆಗಲೇ ಇಲ್ಲವೆಂದು ತಲೆಯಾಡಿಸುತ್ತಿದ್ದಳು.