ತಣ್ಣಗಿದೆ, ಆದರೆ ವಾಸನೆ

ಕಾರಿನಲ್ಲಿ ಏನೋ ವಾಸನೆ ಬರುತ್ತಿದೆ ಎಂದು ಒಬ್ಬರು ಹೇಳಿದರೆ ಸಾಕು, ಮನೆಯಲ್ಲಿ ಕಾರಣ ಹುಡುಕುವ ಮೊದಲು ಅಪರಾಧಿಯನ್ನು ಹುಡುಕುತ್ತಾರೆ. ನಮ್ಮಲ್ಲಿ ಮೊದಲ ಅನುಮಾನ ಮಗನ ಫುಟ್‌ಬಾಲ್ ಸಾಕ್ಸ್ ಮೇಲೆ ಬಿತ್ತು. ಅವನು ಸಾಕ್ಸ್ ಬಿಚ್ಚಿ ಒಬ್ಬೊಬ್ಬರ ಮೂಗಿಗೂ ಹಿಡಿದ. ಎರಡೂ ವಾಸನೆ ಬೇರೆ ಬೇರೆ ಎಂದು ಎಲ್ಲರೂ ತಕ್ಷಣ ಒಪ್ಪಿಕೊಂಡೆವು. ಆಮೇಲೆ ಅನುಮಾನ ಅತ್ತೆಯವರು ತೀರ್ಥಹಳ್ಳಿಯಿಂದ ತಂದ ಹಲಸಿನ ಹಣ್ಣಿನ ಕಡೆ ತಿರುಗಿತು. ಅತ್ತೆಗೆ ಸಿಟ್ಟು ಬಂತು. "ಹಲಸಿನ ಹಣ್ಣಿಗೆ ಎಂಥಾ ಪರಿಮಳ! ಇದು ಮಳೆಗಾಲದಲ್ಲಿ ಕೊಟ್ಟಿಗೆ ಮೂಲೆಲಿ ಬಿದ್ದ ಗೋಣಿಚೀಲದ ಹಾಗಿದೆ" ಅಂದರು. ನಿಜ ಹೇಳಬೇಕೆಂದರೆ, ಆ ಮುಗ್ಗಲು ವಾಸನೆಯನ್ನು ಅಷ್ಟು ಸರಿಯಾಗಿ ವರ್ಣಿಸಿದವರು ಬೇರೆ ಯಾರೂ ಇಲ್ಲ.

ಈ ವಾಸನೆಗೆ ಒಂದು ಚಾಳಿ ಇತ್ತು. ಏಸಿ ಹಾಕಿದ ಮೊದಲ ಒಂದೆರಡು ನಿಮಿಷ ಮೂಗಿಗೆ ಹೊಡೆಯುತ್ತಿತ್ತು. ಕಾರು ತಣ್ಣಗಾಗುವ ಹೊತ್ತಿಗೆ ಮಾಯ. ಹಾಗಾಗಿ ಸರ್ವೀಸ್ ಸೆಂಟರ್ ಮುಟ್ಟುವಷ್ಟರಲ್ಲಿ ತೋರಿಸಲು ಏನೂ ಉಳಿಯುತ್ತಿರಲಿಲ್ಲ. ಅಲ್ಲಿನ ಹುಡುಗ ತಲೆ ಒಳಗೆ ಹಾಕಿ ಮೂಸಿ, "ಏನೂ ಬರ್ತಿಲ್ವಲ್ಲ ಸಾರ್" ಎಂದು ನನ್ನ ಮೂಗನ್ನೇ ಪರೀಕ್ಷೆ ಮಾಡುವವನಂತೆ ನೋಡುತ್ತಿದ್ದ. ಬಿಲ್ ಬರೆಯುವಾಗ ಮಾತ್ರ ಇಲ್ಲದ ವಾಸನೆಗೆ ಒಂದು ಟ್ರೀಟ್‌ಮೆಂಟ್ ಸೇರಿರುತ್ತಿತ್ತು.

ಇನ್ನು ಸಲಹೆಗಳು. ಕಾರು ಇಲ್ಲದವರ ಹತ್ತಿರವೂ ಕಾರಿನ ವಾಸನೆಗೆ ಮದ್ದು ಇರುತ್ತದೆ. ನಿಂಬೆಹಣ್ಣಿಗೆ ಲವಂಗ ಚುಚ್ಚಿ ಇಡಿ ಎಂದರು ಎದುರು ಮನೆಯವರು. ಅಡುಗೆ ಸೋಡಾ ಎಂದಳು ನಾದಿನಿ. ಕರ್ಪೂರ ಎಂದರು ನಮ್ಮ ಭಾವ, ಅವರಿಗೆ ನೆಗಡಿಯಿಂದ ಹಿಡಿದು ಸೊಳ್ಳೆಯವರೆಗೆ ಎಲ್ಲಕ್ಕೂ ಕರ್ಪೂರವೇ. ನನ್ನ ಹೆಂಡತಿ ಮಲ್ಲಿಗೆ ಪರಿಮಳದ ಒಂದು ಡಬ್ಬಿ ತಂದು ಏಸಿ ಗಾಳಿ ಬರುವ ಕಿಂಡಿಗೇ ಸಿಕ್ಕಿಸಿದಳು. ಯಾರಿಗೂ ಬೇಸರ ಆಗಬಾರದೆಂದು ಎಲ್ಲವನ್ನೂ ಇಟ್ಟೆವು. ಮುಗ್ಗಲು ಹೋಗಲಿಲ್ಲ. ಅದಕ್ಕೆ ಮಲ್ಲಿಗೆ, ಲವಂಗ, ಕರ್ಪೂರ ಸೇರಿ, ಹತ್ತಿದವರೆಲ್ಲ "ಯಾವ ದೇವಸ್ಥಾನಕ್ಕೆ ಹೋಗಿ ಬಂದ್ರಿ?" ಎಂದು ಕೇಳತೊಡಗಿದರು.

ಕೊನೆಗೆ ಕಾಫಿಪುಡಿ. ಒಂದು ಬಟ್ಟಲು ತುಂಬ ಇಟ್ಟರೆ ಕೆಟ್ಟ ವಾಸನೆಯನ್ನೆಲ್ಲ ಹೀರುತ್ತದೆಯಂತೆ. ಅದನ್ನು ಇಟ್ಟುಕೊಂಡೇ ಆಗಸ್ಟ್‌ನಲ್ಲಿ ಉಡುಪಿಗೆ ಹೊರಟೆವು. ದಾರಿ ಆಗುಂಬೆ ಘಾಟಿ. ಮೊದಲನೇ ತಿರುವಿನಲ್ಲೇ ಬಟ್ಟಲು ಮಗುಚಿತು. ಅದು ಚಿಕೋರಿ ಬೆರೆಸದ ಪುಡಿ ಎಂದು ತಿಳಿದ ಅತ್ತೆ ಕೆಳಗಿನ ತಿರುವಿನವರೆಗೂ ಅದನ್ನೇ ಹೇಳಿಕೊಂಡು ಬಂದರು. ಅಷ್ಟರಲ್ಲಿ ಮಳೆ ಜೋರಾಯಿತು, ಗಾಜಿನ ಒಳಗೆಲ್ಲ ಮಬ್ಬು. ಆ ಮಬ್ಬು ಹೋಗಬೇಕಾದರೆ ಏಸಿ ಹಾಕಲೇಬೇಕು, ಏಸಿ ಗಾಳಿಯಲ್ಲಿರುವ ನೀರಿನಂಶವನ್ನು ಎಳೆದುಕೊಳ್ಳುತ್ತದೆ. ಹಾಕಿದರೆ ರಸ್ತೆ ಕಾಣುತ್ತದೆ, ಉಸಿರಾಡಲು ಆಗುವುದಿಲ್ಲ. ಆಫ್ ಮಾಡಿದರೆ ಉಸಿರಾಡಬಹುದು, ರಸ್ತೆ ಕಾಣುವುದಿಲ್ಲ. ಆಗುಂಬೆಯಲ್ಲಿ ಯಾವುದನ್ನು ಆರಿಸಿಕೊಳ್ಳಬೇಕೆಂದು ಬೇರೆ ಹೇಳಬೇಕಾ?

ವಾಪಸ್ ಬಂದ ಮೇಲೆ ನಮ್ಮ ರಸ್ತೆಯ ಮೂಲೆಯ ಗ್ಯಾರೇಜಿಗೆ ಹೋದೆ. ಅಲ್ಲಿನ ಮೆಕ್ಯಾನಿಕ್ ಮೂಸಿಯೂ ನೋಡಲಿಲ್ಲ. "ಕಾರು ಎಲ್ಲಿ ನಿಲ್ಲಿಸ್ತೀರ ಸಾರ್?" ಅಂದ. ಹೊಂಗೆ ಮರದ ಕೆಳಗೆ ಎಂದೆ. "ಹಂಗಾದ್ರೆ ಗೊತ್ತಾಯ್ತು" ಎಂದವನೇ ಗ್ಲೌ ಬಾಕ್ಸ್ ಕಳಚಿ, ಹಿಂದಿನಿಂದ ಏಸಿ ಫಿಲ್ಟರ್ ಎಳೆದ. ಕಪ್ಪು ಬಣ್ಣದ ಆ ವಸ್ತುವಿನ ಮಡಿಕೆಗಳಲ್ಲಿ ಹೊಂಗೆ ಹೂವು, ತರಗೆಲೆ, ಧೂಳು. ವರ್ಷಕ್ಕೊಮ್ಮೆಯೋ, ಹತ್ತು ಹದಿನೈದು ಸಾವಿರ ಕಿಲೋಮೀಟರ್‌ಗೊಮ್ಮೆಯೋ ಬದಲಾಯಿಸಬೇಕಾದ ಫಿಲ್ಟರ್ ಅದು. ಹಿಂದಿನ ಸರ್ವೀಸ್ ಬಿಲ್‌ನಲ್ಲಿ ಹೊಸದು ಹಾಕಿದ್ದೇವೆ ಎಂದೇ ಬರೆದಿತ್ತು. ಬಿಲ್ಲೇನೋ ಹೊಸದಾಗಿಯೇ ಇತ್ತು.

ಅಸಲು ವಾಸನೆ ಹುಟ್ಟುವುದು ಅದರಾಚೆ, ಡ್ಯಾಶ್‌ಬೋರ್ಡಿನ ಒಳಗಿರುವ ಕೂಲಿಂಗ್ ಕಾಯಿಲ್‌ನಲ್ಲಂತೆ. ತಣ್ಣಗಿನ ಕಾಯಿಲ್‌ಗೆ ಗಾಳಿ ತಾಗಿ ನೀರು ಹನಿಗಟ್ಟುತ್ತದೆ, ಒಂದು ಸಣ್ಣ ಪೈಪಿನಲ್ಲಿ ಇಳಿದು ರಸ್ತೆಗೆ ಸೋರುತ್ತದೆ. ಕಾರಿನ ಕೆಳಗೆ ನೀರು ಕಂಡರೆ ಹೆದರಬೇಕಿಲ್ಲ, ಕಾಣದಿದ್ದರೆ ಯೋಚಿಸಬೇಕು. ನಮ್ಮ ಪೈಪಿನಲ್ಲಿ ಕಸ ಕಟ್ಟಿತ್ತು. ಹೋಗಲು ದಾರಿಯಿಲ್ಲದ ನೀರು ಎಡಗಡೆಯ ಮ್ಯಾಟ್ ಕೆಳಗೆ ಇಳಿದಿತ್ತು. ಆ ಒದ್ದೆಗೆ ಇಷ್ಟು ದಿನ ಅತ್ತೆಯ ನೀರಿನ ಬಾಟಲಿಯನ್ನು ಬೈಯುತ್ತಿದ್ದೆವು. ಅತ್ತೆ ಇನ್ನೂ ಮರೆತಿಲ್ಲ.

ಮೆಕ್ಯಾನಿಕ್ ಪೈಪ್ ಊದಿ, ಕಾಯಿಲ್‌ಗೆ ನೊರೆ ಬರುವ ಸ್ಪ್ರೇ ಹೊಡೆದು, ಹೊಸ ಫಿಲ್ಟರ್ ಹಾಕಿದ. ಮ್ಯಾಟು, ಕೆಳಗಿನ ಕಾರ್ಪೆಟ್ಟು ಬಿಸಿಲಿಗೆ ಬಿದ್ದವು. ಮಲ್ಲಿಗೆ ಡಬ್ಬಿಯನ್ನು ಅವನೇ ಕಿತ್ತು ನನ್ನ ಕೈಗಿಟ್ಟ. "ಒದ್ದೆ ಕಾಯಿಲ್ ಮುಚ್ಚಿಟ್ರೆ ಬೂಷ್ಟು ಹಿಡಿಯುತ್ತೆ ಸಾರ್. ಮನೆ ಐದು ನಿಮಿಷ ಇದೆ ಅನ್ನುವಾಗ ಏಸಿ ಆಫ್ ಮಾಡಿ, ಫ್ಯಾನ್ ಹಾಗೇ ಬಿಡಿ. ಒಣಗುತ್ತೆ, ಅಷ್ಟೇ."

ಅಷ್ಟೇ ಎಂದು ಅವನು ಹೇಳಿದ್ದು ಸರಿ. ಆದರೆ ಬೆಂಗಳೂರಿನಲ್ಲಿ ಮನೆಗೆ ಐದು ನಿಮಿಷ ಇದೆ ಎಂದು ಹೇಳುವುದು ಹೇಗೆ? ನಮ್ಮ ಮನೆ ಸಹಕಾರನಗರ. ಹೆಬ್ಬಾಳ ಫ್ಲೈಓವರ್ ಮೇಲೆ ಐದು ನಿಮಿಷ ಎಂದುಕೊಂಡು ಏಸಿ ಆಫ್ ಮಾಡಿದ ದಿನ ಅರ್ಧ ಗಂಟೆ ಅಲ್ಲೇ ಬೆಂದಿದ್ದೇವೆ. ಫ್ಯಾನು ಮುಂದಿನ ಲಾರಿಯ ಹೊಗೆಯನ್ನು ನಿಷ್ಠೆಯಿಂದ ಒಳಗೆ ತಂದು ಕೊಡುತ್ತಿತ್ತು. ಈಗ ಆ ಬಟನ್ನಿನ ಅಧಿಕಾರಕ್ಕಾಗಿ ದಿನಾ ಜಗಳ. ಫ್ಲೈಓವರ್ ಇಳಿದ ಕೂಡಲೇ ಆಫ್ ಮಾಡಬೇಕು ಎನ್ನುತ್ತಾಳೆ ಹೆಂಡತಿ. ಕೊಡಿಗೇಹಳ್ಳಿ ಗೇಟ್ ಬರಲಿ ಎನ್ನುತ್ತೇನೆ ನಾನು. ಅವಳು ಆಫ್, ನಾನು ಆನ್. ಮಗ ಹಿಂದೆ ಕೂತು ತನ್ನ ಪಾಡಿಗೆ ಕಿಟಕಿ ಇಳಿಸಿಕೊಳ್ಳುತ್ತಾನೆ.