ಸತ್ಯಾಂಶ: ಸೀರೆಯ ನೆರಿಗೆಗೆ ಕಪ್ಪು ಬೆರೆಸಿದರೆ ಸಾಕಾ?

"ನೆರಳಿಗೆ ಕಪ್ಪು, ಬೆಳಕಿಗೆ ಬಿಳಿ ಬೆರೆಸಿ, ಬಟ್ಟೆ ಥೇಟ್ ನಿಜದಂತೆ ಕಾಣುತ್ತದೆ" ಎಂಬ ಫಾರ್ವರ್ಡ್ ಚಿಕ್ಕಬಳ್ಳಾಪುರ ಕಡೆಯ ಚಿತ್ರಕಲೆ ಗ್ರೂಪ್‌ಗಳಿಗೂ ಬಂದಿದೆ. ಇದು ಅರ್ಧ ಸತ್ಯ ಅಷ್ಟೇ.

ಹಳದಿಗೆ ಕಪ್ಪು ಬೆರೆಸಿ ನೋಡಿ, ಹಸಿರು ಛಾಯೆ ಬರುತ್ತದೆ. ಕೆಂಪಿಗೆ ಬಿಳಿ ಸುರಿದರೆ ಗುಲಾಬಿ. ಹಳದಿ ಸೀರೆಯ ನೆರಳಿಗೆ ಕಂದು ಅಥವಾ ಚೂರು ನೇರಳೆ ವಾಸಿ.

ಅಕ್ರಿಲಿಕ್ ಪೇಂಟ್ ಆದರೆ ಮೊದಲು ಮಧ್ಯಮ ಬಣ್ಣ ಬಳಿಯಿರಿ. ಆಮೇಲೆ ಮಡಿಕೆಯೊಳಗೆ ಗಾಢ, ಉಬ್ಬಿದ ಕಡೆ ತಿಳಿ, ಪದರ ಪದರವಾಗಿ. ಹೊಳಪು ಕೊನೆಗೆ, ಅದೂ ಜಿಪುಣರಂತೆ.

ಎಲ್ಲ ಬಟ್ಟೆಗೂ ಒಂದೇ ಹೊಳಪಲ್ಲ. ಶಿಡ್ಲಘಟ್ಟ ರೇಷ್ಮೆಗೂಡಿನ ಊರು ಅಲ್ವಾ, ರೇಷ್ಮೆ ಸೀರೆಯೊಂದನ್ನು ಕಿಟಕಿ ಪಕ್ಕ ಹಿಡಿದು ನೋಡಿ. ಹೊಳಪು ಚುರುಕು, ಅದರ ಅಂಚು ಸ್ಪಷ್ಟ. ನೆರಳಿನೊಳಗೂ ಪಕ್ಕದ ಮಡಿಕೆಯ ಬಣ್ಣ ಪ್ರತಿಫಲಿಸುತ್ತದೆ. ಹತ್ತಿ ಪಂಚೆಯಲ್ಲಿ ಬೆಳಕು ಮೆಲ್ಲಗೆ ನೆರಳಿಗೆ ಜಾರುತ್ತದೆ; ಅಲ್ಲಿ ಚುರುಕು ಗೆರೆ ಎಳೆದರೆ ಪ್ಲಾಸ್ಟಿಕ್ಕಿನಂತೆ ಕಾಣುತ್ತದೆ.